ಒಳ್ಳೆಯ ಹವ್ಯಾಸ

ಮರ, ಮರ, ಮರ. ಹೊಸ ಬಡಾವಣೆಗೆ ಬಂದಾಗಿನಿಂದ ಗಂಡನ ಬಾಯಲ್ಲಿ ಬೇರೆ ಮಾತೇ ಇಲ್ಲ. ಮರ ನೋಡು, ನೆರಳು ನೋಡು, ಗಾಳಿ ನೋಡು. ಗಾಳಿಯನ್ನು ಹೇಗ್ರೀ ನೋಡೋದು ಅಂತ ಕೇಳಿದರೆ ಅವನಿಗೆ ಸಿಟ್ಟು. ಹಳೆ ಬೀದಿಯಲ್ಲಿ ಗಾಳಿಯಿಲ್ಲದೆ ಯಾರೂ ಸತ್ತಿರಲಿಲ್ಲ. ಇಲ್ಲೋ, ಒಂದು ಉಂಡೆ ದಾರ ಬೇಕೆಂದರೂ ಬಸ್ಸು ಹತ್ತಬೇಕು. ಮನೆಗೆರಡು ಕಾರು, ಕಾರಿಗೊಂದು ಹೊದಿಕೆ. ಆದರೂ ಬೆಳಗಾದರೆ ಸಾಕು, ಎಲ್ಲರೂ ಬಿಳಿ ಬೂಟು ಹಾಕಿಕೊಂಡು ನಡೆಯುತ್ತಾರೆ. ಎಲ್ಲಿಗಾದರೂ ಹೋಗುತ್ತಾರೋ ಅಂದರೆ ಅದೂ ಇಲ್ಲ, ಹೊರಟಲ್ಲಿಗೇ ಬಂದು ಏದುಸಿರು ಬಿಡುತ್ತಾರೆ.

ಅವಳು ದರ್ಜಿ. ಹಳೆ ಬೀದಿಯಲ್ಲಿ ಟೈಲರಕ್ಕ ಅಂದರೆ ಬಸ್ ಸ್ಟಾಪಿನಲ್ಲಿ ನಿಂತವರೂ ಮನೆ ತೋರಿಸುತ್ತಿದ್ದರು. ಗಂಡ ಇನ್ಶೂರೆನ್ಸ್ ಕಚೇರಿಯ ಪರೀಕ್ಷೆಗೆ ಓದಿದ್ದೆಲ್ಲ ಅವಳ ಮೆಷಿನ್ನಿನ ಪಕ್ಕದಲ್ಲೇ. ಆ ಸದ್ದಿಲ್ಲದಿದ್ದರೆ ನಿದ್ದೆ ಬರುತ್ತೆ ಅನ್ನುತ್ತಿದ್ದ ಆಗ. ಮ್ಯಾನೇಜರ್ ಆದದ್ದೇ ತಡ, ಸದ್ದಿಗೆ ತಲೆನೋವು ಬರತೊಡಗಿತು. ಈಗ ಮೆಷಿನ್ನು ಹಿಂದಿನ ಕೋಣೆಯಲ್ಲಿ, ಒಗೆಯುವ ಬಟ್ಟೆಯ ರಾಶಿಯ ಪಕ್ಕ.

"ಬೋರ್ಡೊಂದು ಹಾಕೋಣ ರೀ," ಅಂದಿದ್ದಳು ಬಂದ ವಾರ.

"ಇಲ್ಲಿ ಯಾರ ಗೇಟಿನ ಮೇಲೂ ಬೋರ್ಡಿಲ್ಲ ಕಣೇ."

"ಎದುರುಮನೆ ಗೇಟಲ್ಲಿ ಇದೆಯಲ್ಲ."

"ಅದು ನಾಯಿದು."

ನಾಯಿಗಿರುವ ಯೋಗ್ಯತೆ ತನಗಿಲ್ಲವಲ್ಲ ಅಂದುಕೊಂಡು ಅವಳು ಒಳಗೆ ಹೋದಳು. ಅಲ್ಲಿಗೇ ಮುಗಿದಿದ್ದರೆ ಹಾಳಾಗಿ ಹೋಗಲಿ ಅನ್ನಬಹುದಿತ್ತು. ಆದರೆ ಬಡಾವಣೆ ಸಂಘದ ಅಧ್ಯಕ್ಷರ ಹೆಂಡತಿ ಒಂದು ದಿನ ಪರಿಚಯ ಮಾಡಿಕೊಳ್ಳಲು ಬಂದಳು. ಅಧ್ಯಕ್ಷಗಿರಿಯೆಲ್ಲ ಆಕೆಯದೇ ಆದ್ದರಿಂದ ಟೈಲರಕ್ಕ ಮನಸ್ಸಿನಲ್ಲೇ ಆಕೆಗೆ ಅಧ್ಯಕ್ಷಿಣಿ ಅಂತ ಹೆಸರಿಟ್ಟಳು. ಹಿಂದಿನ ಕೋಣೆಯ ಮೆಷಿನ್ನು ಅಧ್ಯಕ್ಷಿಣಿಯ ಕಣ್ಣಿಗೆ ಬಿತ್ತು. ಹೆಂಡತಿ ಬಾಯಿ ತೆರೆಯುವ ಮೊದಲೇ ಗಂಡ ಹಲ್ಲು ಕಿರಿದು, "ಹೊಲಿಗೆ ಅಂದ್ರೆ ಇವಳಿಗೆ ಇಷ್ಟ. ಸುಮ್ನೆ ಒಂದು ಹವ್ಯಾಸ," ಅಂದುಬಿಟ್ಟ.

ಶುರುವಾಯಿತು ಬಿಟ್ಟಿ ಚಾಕರಿ. ಮೊದಲು ಅಧ್ಯಕ್ಷಿಣಿಯದು ಒಂದೇ ಒಂದು ಹುಕ್ಕು. ಆಮೇಲೆ ಪಕ್ಕದ ಮನೆಯ ಡಾಕ್ಟರಮ್ಮನ ಬಿಗಿಯಾದ ಬ್ಲೌಸು, ಮೂಲೆಮನೆಯವರ ಎಂಟು ಕಿಟಕಿ ಪರದೆ. ಎಲ್ಲರದೂ ಒಂದೇ ರಾಗ: "ನಿಮಗೆ ಹೇಗೂ ಟೈಮ್ ಪಾಸ್ ಆಗ್ಬೇಕಲ್ಲ." ಕೂಲಿ? ಒಬ್ಬೊಬ್ಬರೂ ಒಂದೊಂದು ಗಿಡದ ಕಡ್ಡಿ ಮುರಿದು ತಂದುಕೊಡುತ್ತಿದ್ದರು, ನೆಟ್ಟರೆ ಚಿಗುರುತ್ತದಂತೆ. ಅಡುಗೆಮನೆ ಕಿಟಕಿಯ ತುಂಬ ಡಬ್ಬಿ, ಡಬ್ಬಿಯ ತುಂಬ ಕಡ್ಡಿ.

"ಕಡ್ಡಿ ತಿಂದು ಬದುಕೋಕೆ ನಾನೇನು ಮೇಕೆನಾ?" ಅಂತ ಗಂಡನನ್ನು ಕೇಳಿದಳು. "ಇನ್ಮೇಲೆ ಕೂಲಿ ಕೇಳ್ತೀನಿ."

"ದಮ್ಮಯ್ಯ ಅಂತೀನಿ, ಹಾಗೆ ಮಾಡ್ಬೇಡ. ನನ್ನನ್ನ ಸಂಘದ ಕಾರ್ಯದರ್ಶಿ ಮಾಡೋ ಮಾತು ನಡೀತಿದೆ. ನಮಗೇನು ಕಡಿಮೆಯಾಗಿದೆ ಈಗ?"

ಏನು ಕಡಿಮೆಯಾಗಿದೆ ಅಂತ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅಲ್ಲಿ ಅವಳು ಅಳತೆ ಟೇಪು ಹಿಡಿದರೆ ಎಂಥ ಜೋರಿನ ಹೆಂಗಸೂ ಕೈ ಎತ್ತು ಅಂದಾಗ ಎತ್ತುತ್ತಿದ್ದಳು. ಇಲ್ಲಿ ಅವಳು ಹೊತ್ತು ಹೋಗದ ಮ್ಯಾನೇಜರ್ ಹೆಂಡತಿ. ಕಲಿತ ಕೆಲಸವನ್ನು ಕಣ್ಣೆದುರಿಗೇ ಆಟ ಮಾಡಿಬಿಟ್ಟರಲ್ಲ ಅಂತ ಹೊಟ್ಟೆ ಉರಿಯುತ್ತಿತ್ತು.

ಭಾನುವಾರ ಸಂಘದವರನ್ನೆಲ್ಲ ಗಂಡ ಚಹಕ್ಕೆ ಕರೆದ. ಜೊತೆಯಲ್ಲೇ ಇದ್ದ ತನ್ನ ಅಮ್ಮನಿಗೆ ಕೋಣೆ ಬಿಟ್ಟು ಬರಬೇಡ ಅಂತ ತಾಕೀತು ಮಾಡಿದ್ದ. ಆದರೆ ಹೊರಗೆ ಅಷ್ಟು ಜನ ಮಾತಾಡುತ್ತಿರುವಾಗ ಒಳಗೆ ಕೂರುವ ಜೀವವಲ್ಲ ಅತ್ತೆಯದು. ಸೀರೆ ಸರಿಮಾಡಿಕೊಂಡು ಬಂದು ಸೋಫಾದ ತುದಿಯಲ್ಲಿ ಕೂತರು.

ಅಧ್ಯಕ್ಷಿಣಿ ಮಗುವನ್ನು ಮಾತಾಡಿಸುವ ದನಿಯಲ್ಲಿ, "ಅಜ್ಜಿ, ನಿಮ್ಮ ಸೊಸೆಗೆ ಎಷ್ಟು ಒಳ್ಳೆ ಹವ್ಯಾಸ ಇದೆ," ಅಂದಳು.

ಅತ್ತೆಯ ಮುಖ ಕೆಂಪಾಯಿತು. ಹಳೆ ಬೀದಿಯಲ್ಲಿ ಹವ್ಯಾಸ ಅಂದರೆ ಒಂದೋ ಬಾಟಲಿ, ಇಲ್ಲ ಇಸ್ಪೀಟು. ಒಳ್ಳೆಯ ಹವ್ಯಾಸ ಅನ್ನೋದನ್ನು ಅಲ್ಲಿ ಯಾರೂ ಕಂಡಿರಲಿಲ್ಲ.

"ಯಾರಿಗಮ್ಮ ಹವ್ಯಾಸ? ನಮ್ಮ ಸೊಸೆಗಾ? ನಾಲಿಗೆ ಬಿಗಿ ಹಿಡಿದು ಮಾತಾಡು. ಹವ್ಯಾಸ ಇದ್ದದ್ದು ನನ್ನ ಗಂಡನಿಗೆ. ಕುಡಿದೂ ಕುಡಿದೂ ಮನೆ ಗುಡಿಸಿ ಗುಂಡಾಂತರ ಮಾಡಿ ಸತ್ತ. ಇವಳು ಊರೋರ ಬಟ್ಟೆ ಹೊಲಿದು, ಕೂಲಿ ತಂದು, ನನ್ನ ಔಷಧಿಗೆ ಹಾಕಿದ್ಲು, ನನ್ನ ಮಗನ ಫೀಸಿಗೆ ಹಾಕಿದ್ಲು. ಈ ಮನೆ ಕೊಳ್ಳೋಕೂ ಅವಳ ಚೀಟಿ ಹಣವೇ ಮೊದಲು ಹೋದದ್ದು. ಇವಳಿಗೆ ಕಾಫಿ ಚಟ ಕೂಡ ಇಲ್ಲ, ಹವ್ಯಾಸವಂತೆ!"

ಎಲ್ಲರ ಮುಖ ಹರಳೆಣ್ಣೆ ಕುಡಿದಂತಾಯಿತು. ಡಾಕ್ಟರಮ್ಮ ತನ್ನ ಬ್ಲೌಸಿನ ತೋಳನ್ನೇ ನೋಡಿಕೊಂಡಳು. ಚಹ ಮುಗಿಯುವ ಮೊದಲೇ ಒಬ್ಬೊಬ್ಬರಿಗೂ ಒಂದೊಂದು ಕೆಲಸ ನೆನಪಾಗಿ ಎದ್ದರು. ಟೈಲರಕ್ಕ ನಗು ತಡೆಯಲಾಗದೆ ಸೆರಗು ಬಾಯಿಗೆ ಹಿಡಿದಳು. ಎಷ್ಟೋ ದಿನಗಳ ಮೇಲೆ ಅವಳಿಗೆ ತನ್ನ ಮೈಯಲ್ಲಿ ತಾನಿದ್ದೇನೆ ಅನ್ನಿಸಿತು.

ಬಾಗಿಲು ಹಾಕಿ ಬಂದ ಗಂಡ ಅಮ್ಮನ ಮೇಲೆ ಹರಿಹಾಯ್ದ. ಪಾಪ, ಸತ್ತ ಅಪ್ಪನ ಮಾನ ಹೋಯಿತೆಂದು ಸಂಕಟ ಇರಬೇಕು ಅಂತ ಟೈಲರಕ್ಕ ಸಮಾಧಾನ ಹೇಳಲು ಹೋದಳು.

"ಅಪ್ಪನ ವಿಷ್ಯ ಬಿಡು," ಅಂದ ಅವನು. "ಕುಡಿಯೋದು ದೊಡ್ಡವರ ಮನೇಲೂ ಇರುತ್ತೆ, ಅಧ್ಯಕ್ಷರೂ ಕುಡೀತಾರೆ. ಹೆಂಡತಿ ಕೂಲಿಗೆ ಹೊಲೀತಿದ್ಲು ಅಂತ ಹೇಳ್ಬೇಕಿತ್ತಾ? ಇನ್ನು ಯಾವ ಮುಖ ಹೊತ್ಕೊಂಡು ಹೊರಗೆ ಹೋಗ್ಲಿ?"

ಅವಳ ನಗು ಅಲ್ಲೇ ನಿಂತಿತು. ಇಷ್ಟು ದಿನ ಗಂಡ ಬರೀ ಪೆದ್ದ, ಜಂಬ ಇಳಿದ ಮೇಲೆ ಸರಿಹೋಗುತ್ತಾನೆ ಅಂದುಕೊಂಡಿದ್ದಳು. ಪೆದ್ದನ ಜೊತೆ ಸಂಸಾರ ಮಾಡಬಹುದು. ತನ್ನ ಅನ್ನ ಉಂಡು ತನ್ನ ಕೈಗೆ ನಾಚಿಕೊಳ್ಳುವವನ ಜೊತೆ ಹೇಗೆ ಮಾಡುವುದು?

ಹಳೆ ಬೀದಿಯ ಬಾಡಿಗೆ ಮನೆ ಇನ್ನೂ ಖಾಲಿಯಿತ್ತು. ಫೋನು ಮಾಡಿದರೆ ಓನರಮ್ಮ, "ಕೇಳೋದೇನಿದೆ, ಬಾ ತಾಯಿ," ಅಂದರು. ಮಾರನೆಯ ಬೆಳಿಗ್ಗೆ ಸಾಮಾನಿನ ಗಾಡಿ ಬಂತು. ಮೆಷಿನ್ನು ಏರಿತು, ಎರಡು ಟ್ರಂಕು ಏರಿದವು. ಯಾರೂ ಕರೆಯದಿದ್ದರೂ ಅತ್ತೆ ಡ್ರೈವರನ ಪಕ್ಕ ಹತ್ತಿ ಕೂತು, "ಹೊತ್ತಾಯ್ತು, ಬಾರೇ," ಅಂದರು.

ಗಂಡ ಗೇಟಿನವರೆಗೆ ಓಡಿಬಂದ. ಅವನ ಕಣ್ಣಲ್ಲಿ ನೀರಿತ್ತು, ಅದು ಸುಳ್ಳಲ್ಲ. ಅವಳು ಗಾಡಿಯ ಮೆಟ್ಟಿಲ ಮೇಲೆ ಕಾಲಿಟ್ಟು ಕಾದಳು. ರಸ್ತೆಯಲ್ಲಿ ಅಧ್ಯಕ್ಷಿಣಿ ಬರುತ್ತಿದ್ದಳು. ಅವನು ಅತ್ತ ಒಮ್ಮೆ ನೋಡಿ, ಯಾರಿಗೂ ಕೇಳಿಸದಷ್ಟು ಮೆಲ್ಲಗೆ, "ಹೋಗ್ಬೇಡ," ಅಂದ.

ಗಟ್ಟಿಯಾಗಿ ಅಂದಿದ್ದರೆ ಅವಳು ಇಳಿಯುತ್ತಿದ್ದಳೋ ಏನೋ.