ರುಚಿ ನೋಡದೆ ಅರೆದ ದ್ರಾಕ್ಷಿ

ನಾನು ಒಂದು ಮಿಕ್ಸರ್. ಹುಟ್ಟಿದ್ದು ಕಾರ್ಖಾನೆಯೊಂದರ ತಗಡಿನ ಸೂರಿನಡಿ. ಮೈ ಬಿಳಿ, ಗುಂಡಿ ನೀಲಿ, ದನಿ ಮಾತ್ರ ಗುಡುಗು. ಇಂಡಿ ಊರಿನ ಹುಸೇನಬಿ ಎಂಬಾಕೆ ನನ್ನನ್ನು ಕೊಂಡು ಆರು ವರ್ಷ ಬರೀ ಚಟ್ನಿ ಅರೆಸಿದಳು. ಮಗಳು ಖೈರುನ್‌ಳ ಮದುವೆಯಾದಾಗ ಹಾಸಿಗೆ, ಹಂಡೆಗಳ ಜೊತೆ ನಾನೂ ವಿಜಯಪುರದ ನದಾಫರ ಮನೆಗೆ ಬಂದೆ.

ಆ ಮನೆಯ ಯಜಮಾನಿ ಖೈರುನ್‌ಳ ಅತ್ತೆ ಮಲನಬಿ. ನಾನು ಬಾಯಿಬಿಟ್ಟರೆ ಸಾಕು, ಸೆರಗಿನಿಂದ ಕಿವಿ ಮುಚ್ಚಿಕೊಳ್ಳುತ್ತಿದ್ದಳು. ನಮ್ಮಿಬ್ಬರದು ಎಣ್ಣೆ ಸೀಗೆಕಾಯಿ ಸಂಬಂಧ.

ಆ ವರ್ಷ ರಂಜಾನ್ ಸುಡುಬಿಸಿಲಿನಲ್ಲಿ ಬಂತು. ಮಲನಬಿ ಎರಡು ಸಲ ತಲೆ ತಿರುಗಿ ಬಿದ್ದಳು. ಮೈಯಲ್ಲಿ ನೀರೇ ಇಲ್ಲ, ರೋಜಾ ಉಪವಾಸ ಬಿಡದಿದ್ದರೆ ಜೀವಕ್ಕೆ ಕುತ್ತು ಎಂದರು ಡಾಕ್ಟರು. ಮಗ ದಾದಾಪೀರ್ ಕಾಲು ಹಿಡಿದ.

“ಐವತ್ತು ವರ್ಷ ಒಂದು ರೋಜಾ ಬಿಟ್ಟಿಲ್ಲ. ಈಗ ಬಿಡ್ತೀನೇನು?” ಎಂದಳು ಮುದುಕಿ. ಸಂಜೆಗೆ ಒಂದು ಖರ್ಜೂರ, ಎರಡು ಗುಟುಕು ನೀರು, ಮತ್ತೆ ಗೋಡೆ ಕಡೆ ಮುಖ. ಅಷ್ಟೇ.

ಖೈರುನ್‌ಗೆ ಜೀವವೇ ಬಾಯಿಗೆ ಬಂದಿತ್ತು. ತಂಪಾದದ್ದೇನಾದರೂ ಕೊಟ್ಟರೆ ಅತ್ತೆ ಒಂದು ಲೋಟವಾದರೂ ಕುಡಿದಾಳು ಎಂದುಕೊಂಡಳು. ಕಪ್ಪು ದ್ರಾಕ್ಷಿ ತಂದು ಫ್ರಿಜ್ಜಿನ ಮೇಲಿನ ಖಾನೆಯಲ್ಲಿಟ್ಟಳು. ಸಂಜೆಯ ಹೊತ್ತಿಗೆ ಅವು ಗೋಲಿಗಳಂತೆ ಗಟ್ಟಿಯಾಗಿದ್ದವು. ಸಕ್ಕರೆ, ಪುದೀನ, ನಿಂಬೆರಸ ಸೇರಿಸಿ ನನ್ನ ಜಾರಿಗೆ ಸುರಿದಳು. ನುಣ್ಣಗಾಗಲಿ ಎಂದು ತಿರುಗಿಸಿದಳು, ತಿರುಗಿಸುತ್ತಲೇ ಇದ್ದಳು. ಬೀಜಗಳು ನುರಿಯುವುದು ನನಗೆ ಗೊತ್ತಾಗುತ್ತಿತ್ತು. ಬೀಜ ನುರಿದರೆ ರಸ ಕಹಿಯಾಗುತ್ತದೆ; ಇಷ್ಟು ದೊಡ್ಡ ದನಿಯಿದ್ದೂ ಅದೊಂದು ಮಾತು ಹೇಳಲಾಗಲಿಲ್ಲ. ಅವಳಿಗೂ ರೋಜಾ, ನಾಲಿಗೆಗೆ ಒಂದು ಹನಿ ಸೋಕಿಸುವ ಹಾಗಿರಲಿಲ್ಲ.

ಅಜಾನ್ ಆಯಿತು. ದಾದಾಪೀರ್ ಒಂದು ಗುಟುಕು ಕುಡಿದವನೇ ಬಚ್ಚಲಿಗೆ ಓಡಿದ. ಖೈರುನ್ ತಾನೂ ಕುಡಿದು ನೋಡಿದಳು. ಬೇವಿನ ಕಷಾಯವೇ ವಾಸಿ!

“ಅತ್ತಿ, ಕುಡೀಬ್ಯಾಡ್ರಿ! ಕಹಿ ಆಗೇತಿ!”

ಮಲನಬಿ ಲೋಟ ಕೆಳಗಿಡಲಿಲ್ಲ. ಪೂರ್ತಿ ಕುಡಿದು ತುಟಿ ಒರೆಸಿಕೊಂಡಳು.

“ತಣ್ಣಗೈತಿ ಬಿಡವಾ. ರುಚಿ ನೋಡಿರಲಿಲ್ಲೇನು?”

“ರೋಜಾದಾಗ ಹ್ಯಾಂಗ ನೋಡ್ಲಿರಿ?” ಎನ್ನುವಷ್ಟರಲ್ಲಿ ಸೊಸೆಯ ಕಣ್ಣು ತುಂಬಿತ್ತು.

ಮುದುಕಿ ಖಾಲಿ ಲೋಟ ಕೆಳಗಿಟ್ಟಳು.

“ಖರೇ ಐತಿ. ಮನ್ಯಾಗ ಎಲ್ಲಾರೂ ರೋಜಾ ಹಿಡದ್ರ ರುಚಿ ನೋಡಾವ್ರು ಯಾರು? ನಾಳಿಂದ ನಾ ಬಿಡ್ತೀನಿ.”

ಮರುದಿನದಿಂದ ಅವಳು ನನ್ನ ಪಕ್ಕದಲ್ಲೇ ಮಣೆ ಹಾಕಿ ಕೂರತೊಡಗಿದಳು. ಕಿವಿ ಮುಚ್ಚಿಕೊಳ್ಳಲಿಲ್ಲ. ಬೀಜ ಒಡೆಯುವ ಮೊದಲೇ “ಸಾಕು, ನಿಂದರ್ಸು” ಎನ್ನುತ್ತಿದ್ದಳು. ಖೈರುನ್ ಸೋಸಿ ಕೊಟ್ಟದ್ದನ್ನು ಒಂದೊಂದೇ ಚಮಚ ರುಚಿ ನೋಡುತ್ತಾ ಅರ್ಧ ಲೋಟ ಖಾಲಿ ಮಾಡುತ್ತಿದ್ದಳು. ವಾರದೊಳಗೆ ಅವಳ ಮುಖಕ್ಕೆ ಕಳೆ ಬಂತು. ನಿಜ ಹೇಳುತ್ತೇನೆ, ನನಗೂ ಅವಳ ಮೇಲೆ ಪ್ರೀತಿ ಹುಟ್ಟಿತು.

ಈಗ ನನ್ನ ಅಲಗು ಮೊಂಡಾಗಿದೆ. ಅಟ್ಟದ ಮೇಲೆ, ಹರಿದ ಸೂಟ್‌ಕೇಸಿನ ಪಕ್ಕ ಕೂತಿದ್ದೇನೆ. ಕೆಳಗೆ ಹೊಸ ಮಿಕ್ಸರು ಗುಡುಗುವುದು ಕೇಳಿಸುತ್ತದೆ, ಹೊಟ್ಟೆಕಿಚ್ಚೇನಿಲ್ಲ. ಡಾಕ್ಟರ ಬುದ್ಧಿಮಾತು, ಮಗನ ಕಣ್ಣೀರು ಮಾಡಲಾಗದ್ದನ್ನು ನಾನು ಕೆಡಿಸಿದ ಒಂದು ಲೋಟ ಮಾಡಿತಲ್ಲ, ಅಷ್ಟು ಸಾಕು. ಆಮೇಲೆ ಮಲನಬಿ ಇನ್ನೂ ಒಂಬತ್ತು ರಂಜಾನ್ ಕಂಡಳು. ರೋಜಾ ಯಾಕಿಲ್ಲ ಎಂದು ಓಣಿಯವರು ಕೇಳಿದರೆ ತನ್ನ ಕಾಯಿಲೆಯ ಸುದ್ದಿಯನ್ನೇ ಎತ್ತುತ್ತಿರಲಿಲ್ಲ.

“ನಮ್ಮ ಸೊಸಿ ಒಬ್ಬಾಕಿನ ಏನ ಮಾಡ್ತಾಳ ಪಾಪ,” ಎನ್ನುತ್ತಿದ್ದಳು. “ನನಗ ಅಡಗಿಮನ್ಯಾಗ ಕೆಲಸ ಐತಿ.”