ಚಿಕೋರಿಯ ಘಮ

ಭಾನುವಾರ ಬೆಳಿಗ್ಗೆ ಹೂಸ್ಟನ್ನಿನ ಆ ಹೋಟೆಲಿನ ಮುಂದೆ ಕ್ಯೂ ಬೀದಿಯ ತಿರುವಿನವರೆಗೂ ಬೆಳೆದಿತ್ತು. ಲೂಸಿಯಾನಾ ಕಡೆಯ ಕೇಜನ್, ಕ್ರಿಯೋಲ್ ಅಡುಗೆಗೆ ಹೆಸರಾದ ಜಾಗ ಅದು. ಈ ಊರಿಗೆ ಓದಲು ಬಂದ ಮೇಲೆ ಇಶಾ ಕಂಡುಕೊಂಡಿದ್ದು. "ನೀವು ಬಂದಾಗ ಇಲ್ಲಿಗೇ ಬ್ರಂಚ್‌ಗೆ ಕರ್ಕೊಂಡು ಹೋಗ್ತೀನಿ" ಎಂದು ಫೋನಿನಲ್ಲಿ ಹೇಳುತ್ತಲೇ ಇದ್ದಳು. ಅಪ್ಪ ಅಮ್ಮ ಮೂರು ಗಂಟೆ ದಾರಿಯ ಫ್ಲೂಗರ್‌ವಿಲ್‌ನಿಂದ ಮುಂಜಾನೆಯೇ ಹೊರಟು ಡ್ರೈವ್ ಮಾಡಿಕೊಂಡು ಬಂದಿದ್ದರು.

ಅಮ್ಮ ಅನುಸೂಯಾಗೆ ಮಾತ್ರ ಒಳಗೊಳಗೇ ಅಳುಕು. ಕಳೆದ ಚಳಿಗಾಲದಲ್ಲಿ ಬಂದ ಫ್ಲೂ ಹೋಗುವಾಗ ವಾಸನೆಯನ್ನೆಲ್ಲ ಕಿತ್ತುಕೊಂಡು ಹೋಗಿತ್ತು. ಒಗ್ಗರಣೆಯ ಇಂಗು, ದೇವರ ಮುಂದಿನ ಊದುಬತ್ತಿ, ಒಲೆಯ ಮೇಲೆ ಸೀದ ಹಾಲು, ಯಾವುದೂ ಮೂಗಿಗೆ ತಾಕುತ್ತಿರಲಿಲ್ಲ. ನಾಲಗೆಗೆ ಉಪ್ಪು, ಹುಳಿ, ಖಾರ ಬಿಟ್ಟರೆ ಬೇರೆ ರುಚಿಯಿಲ್ಲ. ವಾಪಸ್ ಬಂದರೂ ಬರಬಹುದು, ಬರದೆಯೂ ಇರಬಹುದು ಎಂದಿದ್ದರು ಡಾಕ್ಟರು. ಈ ವಿಷಯ ಗಂಡ ಪ್ರಭಂಜನನನ್ನು ಬಿಟ್ಟು ಯಾರಿಗೂ ಗೊತ್ತಿರಲಿಲ್ಲ. "ಓದೋ ಮಗು, ಅದರ ತಲೆಗೆ ಇದನ್ನ ಹಾಕಬೇಡಿ" ಎಂದು ಅವಳೇ ತಡೆದಿದ್ದಳು.

ಅಂತೂ ಟೇಬಲ್ ಸಿಕ್ಕಿತು. ಮೂಲೆಯಲ್ಲೊಬ್ಬ ಕೆನ್ನೆ ಉಬ್ಬಿಸಿಕೊಂಡು ಟ್ರಂಪೆಟ್ ಊದುತ್ತಿದ್ದ. ಇಶಾ ತನಗೆ ಸೀಗಡಿ ಹೇಳಿ, ಅಪ್ಪ ಅಮ್ಮನಿಗೆ ಮೀನು ಮಾಂಸ ತಾಗದ ಗ್ರಿಟ್ಸ್, ಕರಿದ ಟೊಮ್ಯಾಟೊಕಾಯಿ ತರಿಸಿದಳು.

"ಅಮ್ಮ, ಗ್ರಿಟ್ಸ್ ಅಂದ್ರೆ ನಮ್ಮ ಉಪ್ಪಿಟ್ಟಿನ ಕಸಿನ್. ಟೇಸ್ಟ್ ಮಾಡು."

ಬೆಣ್ಣೆ ಹಾಕಿ ಬೇಯಿಸಿದ ಮೆಕ್ಕೆಜೋಳದ ತರಿ. ಬಿಸಿಬಿಸಿಯಾಗಿ ಗಂಟಲಿಗಿಳಿಯಿತು, ಅಷ್ಟೇ. "ಎಷ್ಟು ಚೆನ್ನಾಗಿದೆ ಕಣೇ!" ಎಂದಳು ಅನುಸೂಯಾ. ಮಗಳ ಮುಖ ಅರಳಿತು. ಪ್ರಭಂಜನ ತಲೆ ತಗ್ಗಿಸಿದ. ಮನೆಯಲ್ಲಿ ಈಗ ಅಡುಗೆ ಅವನದು. ಅವನ ಸಾರಿಗೂ ದಿನಾ ಇದೇ ಹೊಗಳಿಕೆ.

ಆಮೇಲೆ ಕಾಫಿ ಬಂತು, ಅರ್ಧಕ್ಕರ್ಧ ಬಿಸಿ ಹಾಲು ಬೆರೆಸಿದ್ದು. ಅನುಸೂಯಾ ಕಪ್ಪು ಎತ್ತಿದಳು. ತುಟಿಗೆ ತಾಗುವ ಮುಂಚೆಯೇ ಏನೋ ಒಂದು, ಸ್ವಲ್ಪ ಹುರಿದಂತೆ, ಸ್ವಲ್ಪ ಕಹಿಯಾಗಿ, ಮೂಗಿನೊಳಕ್ಕೆ ಬಂತು. ಭ್ರಮೆ ಇರಬೇಕು ಅನ್ನಿಸಿತು. ಕಪ್ಪು ಕೆಳಗಿಟ್ಟು, ಕಿಟಕಿಯತ್ತ ತಿರುಗಿ ಉಸಿರೆಳೆದಳು. ಏನೂ ಇಲ್ಲ. ಮತ್ತೆ ಕಪ್ಪು ಎತ್ತಿದಳು. ಬಂತು.

"ರೀ, ಇದರಲ್ಲಿ ಚಿಕೋರಿ ಇದೆ."

"ಇದ್ದೇ ಇರುತ್ತಲ್ಲ ಅಮ್ಮ, ನ್ಯೂ ಆರ್ಲಿಯನ್ಸ್ ಸ್ಟೈಲ್ ಅದು" ಎಂದಳು ಇಶಾ.

ಪ್ರಭಂಜನನ ಕೈಯ ಫೋರ್ಕ್ ಅಲ್ಲೇ ನಿಂತಿತು. "ನಿಂಗೆ ಹೇಗೆ ಗೊತ್ತಾಯ್ತು ಅನು?"

"ವಾಸನೆ ಬರ್ತಿದೆ ರೀ."

ನಾಲ್ಕು ಜನರ ಎದುರು ಹೆಂಡತಿಯ ಪಕ್ಕ ಕೂರಲೂ ನಾಚುತ್ತಿದ್ದ ಮನುಷ್ಯ ಅವಳ ಕೈ ಗಟ್ಟಿಯಾಗಿ ಹಿಡಿದುಕೊಂಡ. ಇಬ್ಬರ ಕಣ್ಣಲ್ಲೂ ನೀರು ನೋಡಿ ಇಶಾ ಗಾಬರಿಯಾದಳು. ವಿಷಯವೆಲ್ಲ ಹೊರಬಂತು.

"ಮತ್ತೆ ಗ್ರಿಟ್ಸ್ ಚೆನ್ನಾಗಿದೆ ಅಂದಿದ್ದು?"

"ನೀನು ಕರ್ಕೊಂಡು ಬಂದಿದ್ದು ಚೆನ್ನಾಗಿತ್ತಲ್ಲ."

"ನಾಟ್ ಫೇರ್, ಅಮ್ಮ. ನಾನೇನು ಚಿಕ್ಕ ಮಗೂನಾ?" ಇಶಾ ತನ್ನ ತಟ್ಟೆ ಪಕ್ಕಕ್ಕೆ ತಳ್ಳಿದಳು.

"ಇಲ್ಲಮ್ಮ. ತಪ್ಪಾಯ್ತು. ಇನ್ಮೇಲೆ ಏನಿದ್ದರೂ ಹೇಳ್ತೀನಿ."

ಮುಖ ಊದಿಸಿಕೊಂಡೇ ಇಶಾ ಟೇಬಲ್ ಮೇಲಿದ್ದುದನ್ನೆಲ್ಲ ಒಂದೊಂದಾಗಿ ಅಮ್ಮನ ಮೂಗಿಗೆ ಹಿಡಿಯತೊಡಗಿದಳು. ಖಾರದ ಸಾಸ್, ನಿಂಬೆಹೋಳು, ಸಕ್ಕರೆ ಪುಡಿ ಉದುರಿಸಿದ, ಎಣ್ಣೆಯಲ್ಲಿ ಕರಿದ ಬನ್ನಿನಂಥ ಬಿಸಿ ಬೆನ್ಯೇ. ಯಾವುದೂ ತಿಳಿಯಲಿಲ್ಲ. ಬೆನ್ಯೇ ಹಿಡಿದಾಗ ಅನುಸೂಯಾ ಜೋರಾಗಿ ಉಸಿರೆಳೆದಿದ್ದಕ್ಕೆ ಮೂಗಿನ ತುಂಬ ಸಕ್ಕರೆಯಾಯಿತು. ಸೀನಿದ ರಭಸಕ್ಕೆ ಪ್ರಭಂಜನನ ನೀಲಿ ಶರ್ಟು ಬೆಳ್ಳಗಾಯಿತು. ಮೂವರೂ ಪಕ್ಕದ ಟೇಬಲಿನವರು ತಿರುಗಿ ನೋಡುವಷ್ಟು ನಕ್ಕರು. ಬಡಿಸುತ್ತಿದ್ದ ಹೆಂಗಸು ಸಂಗತಿ ಕೇಳಿ ತಿಳಿದು, ಇನ್ನೊಂದು ಕಪ್ ಕಾಫಿ ತಂದಿಟ್ಟು, ಹೊರಗಿನ ಕ್ಯೂ ಕಾಯಲಿ ಬಿಡಿ, ನಿಧಾನವಾಗಿ ಕುಡಿಯಿರಿ ಎಂದು ಅನುಸೂಯಾಳ ಭುಜ ತಟ್ಟಿ ಹೋದಳು.

"ನಾನು?" ಎಂದು ಇಶಾ ತಲೆ ಬಗ್ಗಿಸಿದಳು.

ಅನುಸೂಯಾ ಮಗಳ ನೆತ್ತಿಗೆ ಮೂಗೊತ್ತಿದಳು. ಕಣ್ಣು ಮುಚ್ಚಿ ಕಾದಳು.

"ಇನ್ನೂ ಇಲ್ಲ ಪುಟ್ಟಿ" ಎಂದಳು. ಆದರೆ ಮುಖ ಎತ್ತಲಿಲ್ಲ.

"ಸರಿಯಾಗಿ ನೋಡಮ್ಮ" ಎಂದು ಇಶಾ ಇನ್ನಷ್ಟು ಹತ್ತಿರ ಸರಿದಳು.