ಸಾಕು ಎಂದವರ ಎಲೆ

ಚಂದನ್‌ಗೆ ಸೆಮಿನಾರಿನ ವಿಷಯ ಹೊಳೆದದ್ದು ತಿಪ್ಪೇಸ್ವಾಮಿಯವರ ಮನೆಯ ಊಟದಲ್ಲೇ. ಮನಶ್ಶಾಸ್ತ್ರದ ಎಂ.ಎ. ಓದಲು ಚಿತ್ರದುರ್ಗದಿಂದ ದೆಹಲಿಗೆ ಬಂದ ಈ ಹುಡುಗ, ಹಾಸ್ಟೆಲಿನ ರಾಜ್ಮಾ ಒಗ್ಗದೆ ಸೊರಗಿದ್ದಾಗ, ನಮ್ಮೂರಿನವನು ಎಂಬ ಒಂದೇ ಕಾರಣಕ್ಕೆ ಭಾನುವಾರ ಭಾನುವಾರ ಕರೆದು ಊಟ ಹಾಕಿದವರು ಅವರು. ಕೇಂದ್ರ ಸರ್ಕಾರದಲ್ಲಿ ಸೆಕ್ಷನ್ ಆಫೀಸರು. ಅವರ ಹೆಂಡತಿ ಸುಮಿತ್ರಾಗೆ ಚಂದನ್ ಹೇಳುವ ‘ಸಾಕು’ ಎಂಬ ಮಾತು ಕಿವಿಗೇ ಬೀಳುತ್ತಿರಲಿಲ್ಲ. ಇನ್ನೊಂದು ಸೌಟು ಬಿದ್ದೇ ಬೀಳುತ್ತಿತ್ತು.

ಬೇಕಿದ್ದರೂ ನಮ್ಮ ಜನ ಸಾಕು ಎನ್ನುವುದೇಕೆ? ಪುಣ್ಯಾತ್ಮ ಇದನ್ನೇ ಹಿಡಿದುಕೊಂಡ. ವರ್ತನಾವಾದಿಗಳನ್ನು ಕೇಳಿದರೆ, ಅದು ಕಲಿತ ಚಾಳಿ: ಚಿಕ್ಕಂದಿನಲ್ಲಿ ಸಾಕೆಂದಾಗ ಜಾಣಮರಿ ಎಂದು ಹೊಗಳಿಸಿಕೊಂಡದ್ದರ ಫಲ. ಮನೋವಿಶ್ಲೇಷಕರ ಪ್ರಕಾರ ಆಸೆಯನ್ನು ಮನಸ್ಸು ತನಗೇ ತಿಳಿಯದಂತೆ ಒಳಗೆ ಅದುಮಿಟ್ಟಿರುತ್ತದೆ. ಎದುರಿನವರು ಏನೆಂದುಕೊಂಡಾರು ಎಂದು ತಲೆ ಲೆಕ್ಕ ಹಾಕುತ್ತದೆ ಎನ್ನುವವರು ಇನ್ನೊಂದು ಪಂಗಡ. ಮಾನವತಾವಾದಿಗಳೋ, ಅದು ಹೊಟ್ಟೆಯ ಮಾತೇ ಅಲ್ಲ, ಮರ್ಯಾದೆಯ ಹಸಿವು ಎನ್ನುತ್ತಾರೆ. ಎಲ್ಲವೂ ಚಂದನ್‌ಗೆ ಬಾಯಿಪಾಠವಾಗಿತ್ತು. ಪ್ರಯೋಗವೊಂದು ಬಾಕಿ ಇತ್ತು.

ಅದಕ್ಕೆ ಅವನು ಆರಿಸಿಕೊಂಡದ್ದು ತಿಪ್ಪೇಸ್ವಾಮಿಯವರ ನಿವೃತ್ತಿಯ ಊಟವನ್ನು. ಶುಕ್ರವಾರ ಅವರು ರಿಟೈರಾದರು. ಭಾನುವಾರ ಕರೋಲ್ ಬಾಗಿನ ಒಂದು ಹಾಲ್‌ನಲ್ಲಿ ಪರಿಚಯದ ಕನ್ನಡಿಗರೆಲ್ಲ ಸೇರಿ, ದೆಹಲಿಯೆಲ್ಲ ಹುಡುಕಿ ಬಾಳೆಎಲೆ ತಂದು, ಹೋಳಿಗೆ ಮಾಡಿಸಿದ್ದರು. ಬಡಿಸುವವರು ಚಂದನ್ ಮತ್ತು ಅವನ ಗೆಳೆಯ ಮಹಂತೇಶ್. ಬಲಗಡೆಯ ಸಾಲಿನವರು ಒಪ್ಪುವವರೆಗೂ ಮಹಂತೇಶ್ ಒತ್ತಾಯ ಮಾಡಬೇಕು. ಎಡಗಡೆಯ ಸಾಲಿಗೆ ಚಂದನ್ ಒಂದೇ ಸಲ ಕೇಳಿ, ಸಾಕೆಂದರೆ ಮುಂದೆ ಹೋಗಬೇಕು. ಇದು ಇಬ್ಬರಿಗೆ ಮಾತ್ರ ಗೊತ್ತು.

ಫ್ಯಾನ್ ಕೆಳಗಿರಲಿ ಎಂದು ಯಾರೋ ತಿಪ್ಪೇಸ್ವಾಮಿಯವರನ್ನು ಎಡಗಡೆಯ ಮೊದಲ ಎಲೆಗೆ ಕೂರಿಸಿಬಿಟ್ಟರು.

“ಅಂಕಲ್‌ಗೆ ನಿಯಮ ಬಿಟ್ಟುಬಿಡೋ, ಹಾಕು ಸುಮ್ನೆ,” ಎಂದು ಮಹಂತೇಶ್ ಪಿಸುಗುಟ್ಟಿದ.

“ಒಬ್ರಿಗೆ ಬಿಟ್ರೆ ಪ್ರಯೋಗನೇ ಕೆಡತ್ತೆ,” ಎಂದ ಚಂದನ್.

ಹೋಳಿಗೆಯ ತಟ್ಟೆ ಹಿಡಿದು ಅವರ ಮುಂದೆ ಬಗ್ಗಿದ. “ಹೋಳಿಗೆ ಅಂಕಲ್?”

“ಅಯ್ಯೋ ಬೇಡಪ್ಪ, ಸಾಕು ಸಾಕು,” ಎಂದು ತಿಪ್ಪೇಸ್ವಾಮಿ ಎರಡೂ ಕೈ ಎಲೆಗೆ ಅಡ್ಡ ಹಿಡಿದರು. ಮುಖದ ತುಂಬ ನಗು. ಕೈಗಳ ನಡುವೆ ಒಂದು ಹೋಳಿಗೆ ಧಾರಾಳವಾಗಿ ಇಳಿಯುವಷ್ಟು ಸಂದಿಯಿತ್ತು.

ಚಂದನ್ ಅದನ್ನು ನೋಡಿದ. ನೋಡಿಯೂ ಮುಂದೆ ಹೋದ.

ಆ ಕೈಗಳು ಸ್ವಲ್ಪ ಹೊತ್ತು ಹಾಗೆಯೇ ಇದ್ದವು. ಆಮೇಲೆ ಮೆಲ್ಲಗೆ ತೊಡೆಯ ಮೇಲಿಳಿದವು. ಅದೇ ಸಾಲಿನ ಉಳಿದವರು ಗಟ್ಟಿಗರು, “ಏ ಹುಡುಗಾ, ಬಾರೋ ಇಲ್ಲಿ” ಎಂದು ಕೂಗಿ ಹಾಕಿಸಿಕೊಂಡರು. ಬೀಳ್ಕೊಡುಗೆಯ ಹಾರ ಹಾಕಿಸಿಕೊಂಡ ಮನುಷ್ಯ ಹಾಗೆ ಕೂಗುವುದುಂಟೇ? ಬಲಗಡೆಯಲ್ಲಿ ಮಹಂತೇಶ್ “ನನ್ನಾಣೆ, ಇದೊಂದು” ಎಂದು ಗೋಗರೆಯುತ್ತಿದ್ದ. ತಿಪ್ಪೇಸ್ವಾಮಿ ಮಜ್ಜಿಗೆಗೂ ಕಾಯದೆ ಎಲೆ ಮಡಿಸಿದರು.

ಕೈ ತೊಳೆಯುವಲ್ಲಿ ಅವರು ಹೆಂಡತಿಗೆ ಹೇಳಿದ್ದು ಚಂದನ್‌ನ ಕಿವಿಗೆ ಬಿತ್ತು. “ಕುರ್ಚಿ ಬಿಟ್ಟಮೇಲೆ ಹಿಂಗೇ ಅಂತ ಗೊತ್ತಿತ್ತು ಕಣೆ. ಚಂದನ್ ಕೂಡ ಇಷ್ಟು ಬೇಗ ಬದಲಾಗ್ತಾನೆ ಅಂತ ಗೊತ್ತಿರ್ಲಿಲ್ಲ.”

ಅವರ ಒಂದು ‘ಸಾಕು’ವಿಗೆ ಚಂದನ್ ಬಳಿ ಅಷ್ಟೊಂದು ವಿವರಣೆಗಳಿದ್ದವು. ಚಂದನ್ ಮುಂದೆ ಹೋದದ್ದಕ್ಕೆ ಅವರ ಬಳಿ ಇದ್ದದ್ದು ಇದೊಂದೇ. ಅವನಿಗೆ ನಾಚಿಕೆಯಾಯಿತು. ಊಟ ಸೇರಲಿಲ್ಲ.

ಸಂಜೆ ಹೋಳಿಗೆಯ ಡಬ್ಬಿ ಹಿಡಿದು ಅವರ ಕ್ವಾರ್ಟರ್ಸಿಗೆ ಹೋದ. ಘಾಜಿಯಾಬಾದಿನ ಸ್ವಂತ ಫ್ಲ್ಯಾಟಿಗೆ ಹೋಗಲು ಸಾಮಾನು ಕಟ್ಟಿಟ್ಟಿದ್ದರು. ಬಾಗಿಲಲ್ಲೇ ನಿಂತು ಗಂಡ ಹೆಂಡತಿ ಇಬ್ಬರಿಗೂ ಎಲ್ಲ ಹೇಳಿದ: ಸೆಮಿನಾರು, ಎರಡು ಸಾಲು, ಒಂದೇ ಸಲ ಕೇಳುವ ನಿಯಮ. ನಿಜ ತಿಳಿದರೆ ಅವರಿಗೆ ಸಮಾಧಾನವಾದೀತು ಎಂದುಕೊಂಡಿದ್ದ, ಪೆದ್ದ.

“ಅಚ್ಛಾ,” ಎಂದರು ತಿಪ್ಪೇಸ್ವಾಮಿ. “ಅಂದ್ರೆ ನನ್ನ ಮುಖ ನೋಡಿದ್ದೆ ನೀನು?”

“ನೋಡಿದ್ದೆ ಅಂಕಲ್.”

“ಬೇಕು ಅಂತ ಗೊತ್ತಾಗಿತ್ತು?”

ಚಂದನ್ ತಲೆ ತಗ್ಗಿಸಿದ. “ಗೊತ್ತಾಗಿತ್ತು.”

ಅವರು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಡಬ್ಬಿಯನ್ನು ಕಟ್ಟಿಟ್ಟ ಪೆಟ್ಟಿಗೆಯ ಮೇಲಿಟ್ಟು, “ಚಲೋ, ಊಟ ಮಾಡ್ಕೊಂಡು ಹೋಗು,” ಎಂದರು.

ಸುಮಿತ್ರಾ ತಟ್ಟೆಗೆ ಅನ್ನ ಸಾರು ಬಡಿಸಿದರು. ಬೆಳಗಿನಿಂದ ಹಸಿದಿದ್ದವನು ಗಬಗಬ ತಿಂದ. ಅವರು ಮತ್ತೆ ಸೌಟು ಹಿಡಿದು ಬಂದರು.

“ಇನ್ನೊಂಚೂರು?”

“ಸಾಕು ಆಂಟಿ,” ಎಂದ. ಅಭ್ಯಾಸದಂತೆ ಎರಡೂ ಕೈ ತಟ್ಟೆಗೆ ಅಡ್ಡ ಹೋದವು.

ಸೌಟು ನಡುವೆಯೇ ನಿಂತಿತು. ಸುಮಿತ್ರಾ ಗಂಡನ ಕಡೆ ನೋಡಿ, ಮತ್ತೆ ಅವನ ಕಡೆ ನೋಡಿದರು.

“ನಿಜವಾಗ್ಲೂ ಸಾಕೇನಪ್ಪಾ? ನಂಗೀಗ ಗೊತ್ತಾಗ್ತಾ ಇಲ್ಲ.”

ಅದು ಕೊಂಕಿನ ಮಾತಾಗಿರಲಿಲ್ಲ. ಆಕೆಗೆ ನಿಜಕ್ಕೂ ಗೊತ್ತಾಗಿರಲಿಲ್ಲ. ಚಂದನ್ ಮೆಲ್ಲಗೆ ಕೈ ತೆಗೆದ. ಹುಟ್ಟಿದಾಗಿನಿಂದ ಪರರ ಮನೆಯಲ್ಲಿ ಒಮ್ಮೆಯೂ ಆಡದ ಮಾತನ್ನು ತಲೆ ಎತ್ತದೆ ಆಡಿದ.

“ಬೇಕು ಆಂಟಿ.”

ಸುಮಿತ್ರಾ ಒಂದು ಸೌಟು ಹಾಕಿ ಒಳಗೆ ಹೋದರು. ಮತ್ತೆ ಕೇಳಲು ಬರಲಿಲ್ಲ.